ಸ್ಪೇನ್ ಫಾರ್ವರ್ಡ್‌ಗೆ ಹೊಸಪೇಟೆಯ ವೋಟು

ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಆಟದ ಟೀಚರ್ ಆಗಿದ್ದೇನೆ. ಅಷ್ಟೂ ವರ್ಷದಲ್ಲಿ ನಾನು ಕೈಹಾಕಿದ ಒಂದು ಕೆಲಸವೂ ನೆಟ್ಟಗೆ ಮುಗಿದಿಲ್ಲ. ಮುಗಿದಿವೆ, ಇಲ್ಲ ಅನ್ನುವುದಿಲ್ಲ. ಆದರೆ ನೆಟ್ಟಗೆ ಅಲ್ಲ. "ಊರಾಗಿನ ಫಜೀತಿ ಎಲ್ಲಾ ನಿನ್ನ ಅಡ್ರೆಸ್ ಕೇಳ್ಕೊಂಡೇ ಬರ್ತಾವ ನೋಡು" ಅಂತ ನಮ್ಮ ಯಜಮಾನರು ವಾರಕ್ಕೊಮ್ಮೆಯಾದರೂ ಹೇಳುತ್ತಾರೆ. ಬರಲಿ ಬಿಡಿ. ನಾನೇನು ಬಾಗಿಲು ಹಾಕಿಕೊಂಡು ಒಳಗೆ ಕೂಡುವವಳಲ್ಲ.

ಈಗ ಹೇಳಹೊರಟಿದ್ದು ಮೈನಿಂಗ್ ಜೋರಾಗಿದ್ದ ವರ್ಷಗಳದ್ದು. ನಮ್ಮ ಶಾಲೆ ಹೊಸಪೇಟೆ ಹತ್ತಿರ, ರಸ್ತೆಗೆ ಅಂಟಿಕೊಂಡಂತೆ. ಅದಿರಿನ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಬೆಳಿಗ್ಗೆ ಬಿಳಿ ಯೂನಿಫಾರಂ ಹಾಕಿಕೊಂಡು ಬಂದ ಮಕ್ಕಳು ಪ್ರಾರ್ಥನೆ ಮುಗಿಯುವಷ್ಟರಲ್ಲಿ ಕೆಂಪಗಾಗಿರುತ್ತಿದ್ದರು. ಅದೇ ಧೂಳಿನಲ್ಲಿ ನಾನು ಹನ್ನೊಂದು ಹುಡುಗಿಯರ ಒಂದು ಹಾಕಿ ಟೀಮು ಕಟ್ಟಿದ್ದೆ.

೧. ಕರಡಿ ನೋಡಲು ಹೊರಟವಳು

ಹನ್ನೊಂದು ಹುಡುಗಿಯರು ಸರಿ, ಆದರೆ ಸ್ಟಿಕ್ ಇದ್ದದ್ದು ಐದು. ಅದಕ್ಕೇ ನಾವು ಒಂದು ರೂಲ್ ಮಾಡಿಕೊಂಡಿದ್ದೆವು. ಯಾರ ಹತ್ತಿರದಿಂದ ಚೆಂಡು ಹೋಗುತ್ತದೋ ಅವಳು ತಕ್ಷಣ ತನ್ನ ಸ್ಟಿಕ್ಕನ್ನು ಪಕ್ಕದ ಬರಿಗೈಯವಳಿಗೆ ಕೊಡಬೇಕು. ಅಳಬಾರದು, ಜಗಳ ಮಾಡಬಾರದು. ಮಾಡಿದರೆ ನನ್ನ ಸೀಟಿ, ಗ್ರೌಂಡಿಗೆ ಎರಡು ಸುತ್ತು.

ಒಂದು ದಿನ ಹಂಪಿಯಿಂದ ಬಾಡಿಗೆ ಸೈಕಲ್ ತುಳಿದುಕೊಂಡು ಒಬ್ಬ ಪರದೇಶದ ಹುಡುಗಿ ಬಂದಳು. ದರೋಜಿಗೆ ಕರಡಿ ನೋಡಲು ಹೊರಟವಳು, ದಾರಿ ತಪ್ಪಿ ಲಾರಿಗಳ ಹಿಂದೆಯೇ ಬಂದುಬಿಟ್ಟಿದ್ದಳು. ಮೂಗಿನ ತುದಿಯಿಂದ ಕಾಲಿನ ಬೆರಳಿನ ತನಕ ಕೆಂಪು. ನಮ್ಮ ಆಟ ನೋಡಿದ್ದೇ ಸೈಕಲ್ ಅಲ್ಲೇ ಬಿಸಾಕಿ ಕಾಂಪೌಂಡು ಹಾರಿದಳು. ಆಮೇಲೆ ಗೊತ್ತಾಯಿತು, ಅವಳು ಸ್ಪೇನಿನ ಒಂದು ದೊಡ್ಡ ಟೀಮಿನಲ್ಲಿ ಫಾರ್ವರ್ಡ್ ಆಡುವವಳು. ಕಾಲು ಉಳುಕಿ ಎರಡು ತಿಂಗಳು ರಜೆ ತೆಗೆದುಕೊಂಡಿದ್ದಳು, ಕಾಲು ವಾಸಿಯಾದ ಮೇಲೆ ಉಳಿದ ರಜೆಯಲ್ಲಿ ದೇಶ ಸುತ್ತುತ್ತಿದ್ದಳು. ಬ್ಯಾಗಿನಲ್ಲಿ ಮಾತ್ರ ಸ್ವಂತ ಸ್ಟಿಕ್ ಇಟ್ಟುಕೊಂಡೇ ತಿರುಗುತ್ತಿದ್ದಳು.

ಮರುದಿನ ಅದನ್ನು ಹಿಡಿದುಕೊಂಡು ಬಂದಳು. ಅದರ ಮರುದಿನವೂ ಬಂದಳು. ಕರಡಿ ಮರೆತೇಹೋಯಿತು. ಮೂರನೇ ದಿನ ನಮ್ಮ ರೂಲ್ ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಕಲ್ಲಿಗೆ ಬಡಿದು ಚೆಂಡು ತಪ್ಪಿದ್ದೇ ತಡ, ತನ್ನ ಭಾರಿ ಬೆಲೆಯ ಸ್ಟಿಕ್ಕನ್ನು ಪಕ್ಕದಲ್ಲಿದ್ದ ನಮ್ಮ ಕ್ಯಾಪ್ಟನ್ ಹುಡುಗಿಯ ಕೈಗೆ ಕೊಟ್ಟು ನಿಂತಳು. ಆ ಸ್ಟಿಕ್ ಸಂಜೆಯವರೆಗೂ ಅವಳಿಗೆ ವಾಪಸ್ ಸಿಗಲಿಲ್ಲ. ಯಾಕೆಂದರೆ ನಮ್ಮ ಕ್ಯಾಪ್ಟನ್ ಆಮೇಲೆ ಚೆಂಡು ಬಿಡಲೇ ಇಲ್ಲ.

೨. ಬೆರಳಿನ ಗುರುತು

ಸ್ಪೇನ್ ಹುಡುಗಿ ತನ್ನ ಊರಿಗೆ ಹೊರಟ ವಾರವೇ ನಮ್ಮ ಹೆಡ್‌ಮಾಸ್ಟರು ನನ್ನನ್ನು ಕರೆಸಿದರು. "ಮೇಡಂ, ಐದು ಸ್ಟಿಕ್ಕಿನ್ಯಾಗ ಹಾಕಿ ಆಡಸಾಕ ಆಗಂಗಿಲ್ಲ. ತಾಲೂಕು ಆಟಕ್ಕ ಹೋಗಬೇಕಂದ್ರ ಪ್ರತಿಯೊಬ್ಬಾಕಿಗೂ ಸ್ಟಿಕ್ ಬೇಕಂತ ಆರ್ಡರ್ ಬಂದೈತಿ. ದಸರಾ ರಜಾ ಮುಗಿಯೂದರೊಳಗ ತರಿಸಿದ್ರ ಸರಿ. ಇಲ್ಲಾಂದ್ರ ಹಾಕಿ ಬ್ಯಾಡ, ಥ್ರೋಬಾಲ್ ಆಡಸ್ರಿ. ನೆಟ್ ಹೆಂಗೂ ಬೀರುವಿನ್ಯಾಗ ಐತಿ" ಅಂದರು.

ನನಗೆ ಮೈಯೆಲ್ಲ ಉರಿಯಿತು. ಥ್ರೋಬಾಲ್ ಕೆಟ್ಟ ಆಟ ಅಂತಲ್ಲ. ಆದರೆ ಬರಿಗೈಯಲ್ಲಿ ಮೈದಾನದ ತುಂಬ ಓಡಿ, ಸ್ಟಿಕ್ಕಿಗಾಗಿ ಕಾದು ಕಾದು ಆಟ ಕಲಿತ ಹುಡುಗಿಯರಿಗೆ, ಈಗ ನಿಂತಲ್ಲೇ ನಿಂತು ಚೆಂಡು ಎಸೆಯಿರಿ ಅಂತ ಯಾವ ಬಾಯಲ್ಲಿ ಹೇಳುವುದು? ಸ್ಪೇನ್ ಹುಡುಗಿಗೆ ಒಂದು ಈಮೇಲ್ ಹಾಕಿಸಿದೆ. ಎರಡೇ ದಿನಕ್ಕೆ ಉತ್ತರ ಬಂತು. ಇಂಟರ್ನೆಟ್ಟಿನಲ್ಲಿ ಹಾಕಿಯವರದೊಂದು ಪುಟ ಇದೆ, ಅದರಲ್ಲಿ ಯಾವ ಫಾರ್ವರ್ಡ್ ಎಷ್ಟು ಜನಪ್ರಿಯ ಅಂತ ನೂರು ಜನರ ಪಟ್ಟಿ. ಜನ ವೋಟು ಹಾಕಬೇಕು. ಒಂದು ಕಂಪ್ಯೂಟರಿನಿಂದ ದಿನಕ್ಕೆ ಒಂದೇ ವೋಟು. ಕೊನೆಯ ದಿನ ಮೊದಲ ಇಪ್ಪತ್ತರೊಳಗೆ ಇರುವ ಆಟಗಾರರು ತಲಾ ಒಂದು ಶಾಲೆಯ ಹೆಸರು ಹೇಳಬಹುದು, ಆ ಶಾಲೆಗೆ ಇಡೀ ಟೀಮಿನ ಸ್ಟಿಕ್ ಬರುತ್ತದೆ. ನಾನು ನಿಮ್ಮ ಹೆಸರು ಹೇಳುತ್ತೇನೆ, ಆದರೆ ನಾನಿರುವುದು ಅರವತ್ತನಾಲ್ಕನೇ ಸ್ಥಾನದಲ್ಲಿ, ಅಂತ ಬರೆದಿದ್ದಳು. ಕೊನೆಯಲ್ಲಿ ಒಂದು ಅಳುವ ಮುಖದ ಚಿತ್ರ.

"ಅಳೂದು ಯಾಕ?" ಅಂದೆ. "ಹೊಸಪೇಟ್ಯಾಗ ಎಷ್ಟು ಕಂಪ್ಯೂಟರ್ ಅದಾವು, ಎಣಸ್ರಿ."

ಹುಡುಗಿಯರು ಹೊಸಪೇಟೆಯ ನೆಟ್ ಸೆಂಟರುಗಳನ್ನೂ, ಹಂಪಿ ಬಜಾರಿನವನ್ನೂ ಹಂಚಿಕೊಂಡರು. ಬಸ್ ಸ್ಟ್ಯಾಂಡ್ ಹತ್ತಿರದ ನೆಟ್ ಸೆಂಟರಿನಲ್ಲಿ ಹನ್ನೆರಡು ಕಂಪ್ಯೂಟರು ಇದ್ದವು. ಆದರೆ ಗಿರಾಕಿಗಳು ಎದ್ದು ಕೂತು ಮಾಡುವುದರಲ್ಲಿ ಯಾವುದರಲ್ಲಿ ವೋಟು ಹಾಕಿಯಾಯಿತು, ಯಾವುದು ಬಾಕಿ ಎನ್ನುವುದು ಗೊಂದಲವಾಗುತ್ತಿತ್ತು. ನಮ್ಮ ಕ್ಯಾಪ್ಟನ್ ಅದಕ್ಕೊಂದು ಉಪಾಯ ತೆಗೆದಳು. ಎಲೆಕ್ಷನ್ನಿನಲ್ಲಿ ವೋಟು ಹಾಕಿದವರ ಬೆರಳಿಗೆ ಗುರುತು ಹಾಕುವುದಿಲ್ಲವೇ, ಹಾಗೆ ವೋಟು ಆದ ಕಂಪ್ಯೂಟರಿನ ಮೌಸಿಗೆ ಇಂಕಿನ ಪೆನ್ನಿಂದ ಒಂದು ದಪ್ಪ ಗುರುತು. ಅದೂ ಎಲ್ಲಿ? ಸರಿಯಾಗಿ ಬೆರಳು ಒತ್ತುವ ಜಾಗದಲ್ಲಿ.

ಅಂದು ಸಂಜೆಯೊಳಗೆ ಆ ಸೆಂಟರಿಗೆ ಬಂದವರ ಬೆರಳೆಲ್ಲ ನೀಲಿ. ಮಾಲೀಕರು ನನ್ನನ್ನು ಕಂಡಿದ್ದೇ ಕೈ ಮುಗಿದರು. "ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ, ವೋಟು ಹಾಕ್ಕೊಳ್ರಿ, ಇಂಕು ಬ್ಯಾಡ. ಯಾವುದೋ ಆಫೀಸಿನ ಗುಮಾಸ್ತರು ಮಧ್ಯಾಹ್ನ ಡ್ಯೂಟಿ ಬಿಟ್ಟು ಇಲ್ಲಿ ಕಂಪ್ಯೂಟರಿನ್ಯಾಗ ಇಸ್ಪೀಟ್ ಆಡಾಕ ಬಂದಿದ್ರು. ಮನಿಗೆ ಹೋಗ್ಯಾರ, ಹೆಂಡ್ತಿ ಬೆರಳು ಹಿಡ್ದು, ಎಲೆಕ್ಷನ್ನೇ ಇಲ್ಲ, ಯಾವ ಊರಾಗ ವೋಟು ಹಾಕಿ ಬಂದ್ರಿ, ಅಲ್ಲಿ ಯಾರದಾರ ಅಂತ ಕೂಡಿಸಿಕೊಂಡು ಕೇಳಕತ್ಯಾಳಂತ!"

೩. ಸಂಡೂರಿನ ಗ್ರೇಡು

ನಮ್ಮ ಗೋಲ್‌ಕೀಪರ್ ಹುಡುಗಿಯ ಸೋದರಮಾವ ಸಂಡೂರಿನ ಒಂದು ಅದಿರು ಆಫೀಸಿನಲ್ಲಿ ಮ್ಯಾನೇಜರು. ಅಲ್ಲಿ ಒಂಬತ್ತು ಕಂಪ್ಯೂಟರು. ಹೋಗಿ ಕೇಳಿದೆ. ಪುಣ್ಯಾತ್ಮರು ಕೇಳಿದ ಕೂಡಲೇ ಒಪ್ಪಿದರು. "ಹೆಣ್ಮಕ್ಕಳು ಆಡ್ತಾವಂದ್ರ ನಾವಿಷ್ಟು ಮಾಡದಿದ್ರ ಹೆಂಗ್ರಿ? ದಿನಾ ಬೆಳಿಗ್ಗಿ ಆಫೀಸು ತೆಗೆದ ಕೂಡಲೇ ಮೊದಲ ಕೆಲಸ ಇದೇ."

ಆ ಪಟ್ಟಿಯಲ್ಲಿ ಕೆಳಗಿದ್ದವರಿಗೆ ವೋಟು ಬೀಳುತ್ತಿದ್ದುದೇ ಕಡಿಮೆ. ಹೊಸಪೇಟೆ, ಹಂಪಿ, ಸಂಡೂರು ಮೂರೂ ಸೇರಿದ ಮೇಲೆ ನಮ್ಮವಳು ಎರಡೇ ವಾರದಲ್ಲಿ ಅರವತ್ತನಾಲ್ಕರಿಂದ ಮೂವತ್ತೆಂಟಕ್ಕೆ ಬಂದಳು. ನಾವು ಗ್ರೌಂಡಿನಲ್ಲಿ ಕುಣಿದೆವು. ಆಮೇಲೆ ಏನಾಯಿತೋ, ಮರುದಿನ ನಲವತ್ತು, ಅದರ ಮರುದಿನ ನಲವತ್ತೆರಡು, ಮೂರನೇ ದಿನ ನಲವತ್ತೈದು! ಹುಡುಗಿಯರನ್ನು ಬೈದೆ. "ಇಲ್ರೀ ಟೀಚರ್, ಒಂದೂ ಬಿಟ್ಟಿಲ್ಲ" ಅಂತ ಆಣೆ ಮಾಡಿದರು.

ಅಷ್ಟರಲ್ಲಿ ಸಂಡೂರಿನಿಂದ ಫೋನು. ಮ್ಯಾನೇಜರ ದನಿಯಲ್ಲಿ ಹೆಮ್ಮೆ ಉಕ್ಕುತ್ತಿತ್ತು. "ಮೇಡಂ, ಗಾಬರಿ ಆಗಬ್ಯಾಡ್ರಿ. ನಿಮ್ಮ ಹುಡುಗಿ ಅರವತ್ತನಾಲ್ಕು ಇದ್ದಾಕಿ ಇಳಕೊಂತ ಇಳಕೊಂತ ಮೂವತ್ತೆಂಟಕ್ಕ ಬಂದಿದ್ಲು. ಮೂವತ್ತೆಂಟು ಅಂದ್ರ ಮಣ್ಣು, ಅದನ್ನ ಯಾರ್ ಕೊಳ್ತಾರ? ಎಲ್ಲೋ ಕಲಬೆರಕಿ ಆಗೈತಿ ಅಂತ ನಾನೇ ಮೂರು ದಿನದಿಂದ ವೋಟು ಬಂದ್ ಮಾಡಿಸೀನಿ. ನೋಡ್ರಿ ಈಗ, ನಲವತ್ತೈದಕ್ಕ ಏರ್ಯಾಳ! ಒಂದು ವಾರ ಹಿಂಗ ಕೈ ಕಟ್ಟಿ ಕುಂತ್ರ ಅರವತ್ತೈದು ಗ್ರೇಡಿಗೆ ಮುಟ್ಟಸ್ತೀನಿ."

ಆ ಮನುಷ್ಯ ಬೆಳಗಾದರೆ ಅದಿರಿನ ಗ್ರೇಡು, ಅಂದರೆ ನೂರರಲ್ಲಿ ಕಬ್ಬಿಣ ಎಷ್ಟು ಅಂತ, ನೋಡುವವರು. ಅಲ್ಲಿ ಅರವತ್ತೈದು ಬಂಗಾರ, ಐವತ್ತು ಧೂಳು. ತಪ್ಪು ಅಂತ ಹೇಗೆ ಹೇಳಲಿ? ಆದರೂ ಸಿಟ್ಟು ನುಂಗಿಕೊಂಡು ಬಿಡಿಸಿ ಹೇಳಿದೆ. ಇದು ಅದಿರಲ್ಲ ಸರ್, ರ‍್ಯಾಂಕು. ರ‍್ಯಾಂಕಿನಲ್ಲಿ ಒಂದು ಅಂದರೆ ಎಲ್ಲರಿಗಿಂತ ಮೇಲೆ, ನೂರು ಅಂದರೆ ಎಲ್ಲರಿಗಿಂತ ಕೆಳಗೆ. ಅಂಕಿ ಇಳಿದಷ್ಟೂ ಒಳ್ಳೆಯದು.

ಮ್ಯಾನೇಜರು ಸಣ್ಣ ದನಿಯಲ್ಲಿ ಹೇಳಿದರು. "ಹಂಗಾದ್ರ ಮೇಡಂ, ಹೋದ ವರ್ಷ ನನ್ನ ಮಗ, ಅಪ್ಪಾ, ಕ್ಲಾಸಿನ್ಯಾಗ ಎಂಟರಾಗಿದ್ದಾವ ನಲವತ್ತೆರಡಕ್ಕ ಬಂದೀನಿ ಅಂದಾಗ ನಾನು ಇಡೀ ಆಫೀಸಿಗೆ ಲಾಡು ಹಂಚೀನಲ್ರೀ!"

೪. ಕಂಪ್ಲಿಯ ಅಜ್ಜಿ

ಮೂರು ದಿನ ಹಾಳಾಗಿದ್ದನ್ನು ತುಂಬಿಕೊಳ್ಳಬೇಕಿತ್ತು. ಕಂಪ್ಲಿಯ ಅಕ್ಕಿಗಿರಣಿ ಸಾಹುಕಾರರೊಬ್ಬರ ಮನೆಯಲ್ಲಿ ಹೊಸ ಕಂಪ್ಯೂಟರ್ ಬಂದಿದೆ, ನೆಟ್ಟೂ ಇದೆ ಅಂತ ಸುದ್ದಿ ಸಿಕ್ಕಿತು. ಭಾನುವಾರ ಬೆಳಿಗ್ಗೆ ಕ್ಯಾಪ್ಟನ್ ಹುಡುಗಿಯನ್ನು ಕರೆದುಕೊಂಡು ಬಸ್ಸು ಹತ್ತಿದೆ.

ಸಾಹುಕಾರರು ಭಾಳ ಒಳ್ಳೆಯವರು. "ಬರ್ರಿ, ಕುಂದ್ರಿ, ಮೊದಲು ನಾಷ್ಟಾ ಮಾಡ್ರಿ" ಅಂದರು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಂತು. ತಿಂದೆವು. ಕಂಪ್ಯೂಟರಿನ ಮೇಲಿನ ಕಸೂತಿ ಬಟ್ಟೆ ತೆಗೆದು, ಫೋನಿನ ವೈರು ಚುಚ್ಚಿ, ಕರ್ ಕರ್ ಅಂತ ನೆಟ್ಟು ಹತ್ತಿತು. ಪುಟ ನಿಧಾನಕ್ಕೆ ತೆರೆದುಕೊಂಡಿತು. ನಮ್ಮವಳ ತಲೆಗೂದಲು ಕಾಣಿಸಿತು, ಹಣೆ ಕಾಣಿಸಿತು. ಇನ್ನೇನು ಮೂಗು ಬರಬೇಕು, ನೆಟ್ಟು ಹೋಯಿತು.

ಒಳಗಿನ ಕೋಣೆಯಿಂದ ಒಂದು ದನಿ. "ಯಾವನಲೇ ಅದು? ಕೊರಕೊರ ಅನ್ನೂದು ಬಿಟ್ಟು ಬಾಯಿ ತೆಗೆದು ಮಾತಾಡು!"

ಅದು ಸಾಹುಕಾರರ ತಾಯಿ. ಒಂದೇ ಫೋನ್ ಲೈನು, ಒಳಗೊಂದು ರಿಸೀವರು, ಹೊರಗೊಂದು. ಅಜ್ಜಿಗೆ ಗಂಗಾವತಿಯಲ್ಲಿ ಕೊಟ್ಟ ಮಗಳ ಮನೆಯಲ್ಲಿ ಇವತ್ತು ಏನು ಅಡಿಗೆ ಅಂತ ಗಂಟೆಗೊಮ್ಮೆ ತಿಳಿಯಲೇಬೇಕು. ಎತ್ತಿದಾಗಲೆಲ್ಲ ನಮ್ಮ ನೆಟ್ಟು ಕಟ್. ಎರಡನೇ ಸಲ ಮೂಗಿನವರೆಗೆ ಬಂತು. ಮೂರನೇ ಸಲ ಕುತ್ತಿಗೆಯವರೆಗೆ. ವೋಟಿನ ಬಟನ್ನು ಇದ್ದದ್ದು ಕಾಲಿನ ಕೆಳಗೆ. ಸಾಹುಕಾರರು ಬೆವರು ಒರೆಸಿಕೊಂಡು, "ಅವ್ವಗ ನಾನು ಏನೂ ಹೇಳಂಗಿಲ್ರಿ ಮೇಡಂ, ನೀವ ಹೇಳ್ರಿ" ಅಂದರು.

ನಾನು ಎದ್ದೆ. ಒಳಗೆ ಹೋಗಿ ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿ, ಹನ್ನೊಂದು ಹುಡುಗಿಯರ ಕಥೆ ಹೇಳಿದೆ. ಐದು ಸ್ಟಿಕ್ ಅಂದೆ, ಥ್ರೋಬಾಲ್ ಅಂದೆ, ಕ್ಯಾಪ್ಟನ್ ಹುಡುಗಿಯ ಸೀಳಿದ ಹಿಮ್ಮಡಿ ತೋರಿಸಿದೆ. ಅಜ್ಜಿಯ ಕಣ್ಣು ತುಂಬಿತು. ಹುಡುಗಿಯ ಗಲ್ಲ ಸವರಿ, "ಅಯ್ಯ ನನ್ನ ಮಗಳ! ಇದನ್ನ ಮೊದಲ ಹೇಳಬಾರದ? ಇವತ್ತು ನನ್ನ ಬಳಗದಾಗ ಒಬ್ಬರನ್ನೂ ಬಿಡಂಗಿಲ್ಲ, ಎಲ್ಲಾರ ಕಡೆಯಿಂದಾನೂ ವೋಟು ಹಾಕಸ್ತೀನಿ" ಅಂದರು.

ಅಂದವರು ಫೋನು ಎತ್ತಿದರು. ಗಂಗಾವತಿ, ಸಿರುಗುಪ್ಪ, ಸಿಂಧನೂರು, ಕೊಪ್ಪಳ. ಒಬ್ಬರ ಮನೆಯಲ್ಲೂ ಕಂಪ್ಯೂಟರಿಲ್ಲ. ಸಂಜೆ ನಮ್ಮ ಕೊನೆಯ ಬಸ್ಸು ಹೊರಡುವವರೆಗೂ ಅಜ್ಜಿ ಪ್ರಚಾರ ಮಾಡುತ್ತಲೇ ಇದ್ದರು. ಹಾಗಾಗಿ ಆ ದಿನ ಆ ಮನೆಯಿಂದ ಒಂದು ವೋಟೂ ಬೀಳಲಿಲ್ಲ.

೫. ನಿಂಬೆಹಣ್ಣು

ಮರುದಿನದಿಂದ ಕಂಪ್ಲಿಯ ವೋಟೂ ಬರಲು ಶುರುವಾಯಿತು. ಮೂವತ್ತು, ಇಪ್ಪತ್ತೇಳು, ಇಪ್ಪತ್ತನಾಲ್ಕು. ಕೊನೆಯ ದಿನ ಬೆಳಿಗ್ಗೆ ನಮ್ಮವಳು ಇಪ್ಪತ್ಮೂರರಲ್ಲಿ ಇದ್ದಳು. ಮೂರೇ ಮೆಟ್ಟಿಲು. ನಮ್ಮ ಗಡಿಯಾರದ ಸಂಜೆ ಆರಕ್ಕೆ ವೋಟು ಬಂದ್ ಅಂತ ಸ್ಪೇನಿನಿಂದ ಈಮೇಲ್ ಬಂದಿತ್ತು. ಎಲ್ಲ ಕಂಪ್ಯೂಟರಿನಿಂದ ಒಂದೊಂದು ಬಿದ್ದರೆ ಸಾಕು ಅಂತ ಲೆಕ್ಕ ಹಾಕಿ, ಹುಡುಗಿಯರ ಜೊತೆ ಬಸ್ ಸ್ಟ್ಯಾಂಡಿನ ನೆಟ್ ಸೆಂಟರಿಗೆ ಹೋದೆ. ನೋಡುತ್ತೇನೆ, ಬಾಗಿಲಿಗೆ ಬಾಳೆಕಂದು!

ಆಯುಧಪೂಜೆ. ದಸರಾ ರಜೆಯ ಗುಂಗಿನಲ್ಲಿ, ವೋಟಿನ ಹುಚ್ಚಿನಲ್ಲಿ ಅದನ್ನು ಪೂರ್ತಿ ಮರೆತುಬಿಟ್ಟಿದ್ದೆ. ಹನ್ನೆರಡು ಕಂಪ್ಯೂಟರಿಗೂ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಮಾಲೀಕರು ಹೊಸ ಅಂಗಿ ಹಾಕಿಕೊಂಡು ನಿಂತಿದ್ದರು. "ಪೂಜಿ ಆತು ಮೇಡಂ. ಇನ್ನ ನಾಳೆ ತನಕ ಆಯುಧ ಮುಟ್ಟಂಗಿಲ್ಲ. ಮಂಡಕ್ಕಿ ತಗೊಳ್ರಿ."

ಸಂಡೂರಿಗೆ ಫೋನು ಮಾಡಿದೆ. ಅಲ್ಲೂ ಪೂಜೆ. ಕಂಪ್ಲಿಗೆ ಮಾಡಿದೆ. ಅಜ್ಜಿಯೇ ಎತ್ತಿ, "ಕಂಪ್ಯೂಟರಿಗೆ ಸೀರಿ ಉಡಿಸೀವಿ, ನೋಡಾಕ ಬರ್ರಿ" ಅಂದರು. ಹುಡುಗಿಯರು ಫುಟ್‌ಪಾತಿನ ಮೇಲೆ ಕೂತುಬಿಟ್ಟರು. ಕ್ಯಾಪ್ಟನ್ ಹುಡುಗಿ, "ಇರಲಿ ಬಿಡ್ರಿ ಟೀಚರ್, ಥ್ರೋಬಾಲ್ ಆಡ್ತೀವಿ" ಅಂದಳು. ಅವಳು ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆ. ಅಳದೆ ಹೇಳಿದಳು ನೋಡಿ, ಅದನ್ನು ತಡೆದುಕೊಳ್ಳುವುದು ಆಗಲಿಲ್ಲ. ಬಿಡುವ ಮಾತೇ ಇಲ್ಲ ಅಂತ ಅಲ್ಲೇ ನಿಶ್ಚಯ ಮಾಡಿದೆ.

ಎದುರಿಗೆ ಒಂದು ಲಾರಿಗೆ ಪೂಜೆ ನಡೆದಿತ್ತು. ಬೂದಗುಂಬಳ ಒಡೆದರು, ನಾಲ್ಕು ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು, ಡ್ರೈವರು ಹತ್ತಿ ಲಾರಿ ಮುಂದೆ ತೆಗೆದ. ಪಚಕ್ ಅಂತು. ನಾನು ಧಡಕ್ಕನೆ ನೆಟ್ ಸೆಂಟರಿನೊಳಗೆ ನುಗ್ಗಿದೆ.

"ಏನ್ರೀ, ಪೂಜಿ ಆದ ಗಾಡಿ ನಿಂಬಿಹಣ್ಣಿನ ಮ್ಯಾಲ ಓಡಸ್ತಾರೋ ಇಲ್ಲೋ?"

"ಓಡಸ್ತಾರ."

"ಓಡಸ್ಲಿಲ್ಲ ಅಂದ್ರ?"

"ಪೂಜಿ ಅರ್ಧಕ್ಕ ನಿಂತಂಗ."

"ಮತ್ತ ನಿಮ್ಮ ಹನ್ನೆರಡು ಗಾಡಿ ಒಂದಾದ್ರೂ ನಿಂಬಿಹಣ್ಣು ಹತ್ಯಾವೇನು? ವರ್ಷಪೂರ್ತಿ ವ್ಯಾಪಾರ ಕೆಟ್ರ ಆಮ್ಯಾಲ ನನ್ನ ಕೇಳಬ್ಯಾಡ್ರಿ."

ಮಾಲೀಕರ ಮುಖ ಸಣ್ಣದಾಯಿತು. ಹೊರಗೆ ಓಡಿ ಒಂದು ಡಜನ್ ನಿಂಬೆಹಣ್ಣು ತಂದರು. ಒಂದೊಂದು ಮೌಸಿನ ಕೆಳಗೆ ಒಂದೊಂದು ಹಣ್ಣು, ಮೇಲಿನಿಂದ ಹುಡುಗಿಯರ ಬೆರಳು. ಹನ್ನೆರಡು ವೋಟು! ನಾನು ಸಂಡೂರಿಗೂ ಕಂಪ್ಲಿಗೂ ಫೋನು ಮಾಡಿ ಇದನ್ನೇ ಹೇಳಿದೆ. ಸಂಡೂರಿನ ಮ್ಯಾನೇಜರು ಗಾಬರಿಯಾಗಿ ಜೀಪು ಕೊಟ್ಟು ಆಳನ್ನು ನಿಂಬೆಹಣ್ಣಿಗೆ ಕಳಿಸಿದರು. ಕಂಪ್ಲಿಯ ಅಜ್ಜಿ ಮಗನನ್ನು, "ಇಷ್ಟೂ ತಿಳೀದ ನೀ ಎಂಥಾ ಸಾಹುಕಾರಲೇ" ಅಂತ ಬೈದು ತಾವೇ ಮುಂದೆ ನಿಂತು ಒತ್ತಿಸಿದರು. ಸುದ್ದಿ ಹಬ್ಬಿ, ಹಂಪಿ ಬಜಾರಿನಲ್ಲಿ ಪರದೇಶದವರು ನಿಂಬೆಹಣ್ಣು ಇಲ್ಲದೆ ಈಮೇಲ್ ನೋಡಲಾರೆವು ಅನ್ನುವ ಮಟ್ಟಕ್ಕೆ ಬಂತು.

ಐದೂವರೆಗೆ ನೋಡಿದರೆ ಇಪ್ಪತ್ತೊಂದು. ಇಪ್ಪತ್ತರಲ್ಲಿದ್ದವಳಿಗೂ ನಮ್ಮವಳಿಗೂ ವೋಟು ಸಮ ಸಮ. ಇನ್ನೊಂದೇ ಒಂದು ವೋಟು ಬೇಕು, ಊರಿನಲ್ಲಿ ಬಾಕಿ ಉಳಿದದ್ದು ಒಂದೇ ಒಂದು ಕಂಪ್ಯೂಟರು. ಅದು ನಮ್ಮ ಶಾಲೆಯದ್ದೇ. ಇಷ್ಟು ದಿನ ಅದರ ಹೆಸರೆತ್ತದೆ ಇರಲು ಕಾರಣ, ಅದು ಹೆಡ್‌ಮಾಸ್ಟರ ಕೋಣೆಯಲ್ಲಿ ಬೀಗದೊಳಗೆ ಇರುತ್ತಿತ್ತು. ಕೇಳಿದರೆ, "ಸರ್ಕಾರ ಕೊಟ್ಟದ್ದು ಮೇಡಂ, ಕೆಟ್ರ ಯಾರ್ ಜವಾಬ್ದಾರಿ?" ಅನ್ನುತ್ತಿದ್ದರು.

ಆಟೋದಲ್ಲಿ ಅಷ್ಟೂ ಹುಡುಗಿಯರನ್ನು ತುರುಕಿಕೊಂಡು ಶಾಲೆಗೆ ಬಂದೆ. ಹೆಡ್‌ಮಾಸ್ಟರು ಬೆಳಿಗ್ಗೆಯ ಪೂಜೆಯ ಪ್ರಸಾದ ಕಟ್ಟಿಸಿಕೊಂಡು ಮನೆಗೆ ಹೊರಟಿದ್ದರು. ಹನ್ನೊಂದು ಜನ ಬಾಗಿಲಿಗೆ ಅಡ್ಡ ನಿಂತರು. ನಾನು ನಿಂಬೆಹಣ್ಣಿನ ಶಾಸ್ತ್ರ ಪೂರ್ತಿ ಹೇಳಿದೆ. ಅವರು ಕನ್ನಡಕ ತೆಗೆದು, ಹುಡುಗಿಯರ ಮುಖ ಒಂದೊಂದಾಗಿ ನೋಡಿ, ಗಡಿಯಾರ ನೋಡಿ, ಬೀಗದ ಕೈ ತೆಗೆದರು. "ಶಾಸ್ತ್ರ ಅಂದ ಮ್ಯಾಲ ಪದ್ಧತಿ ಪ್ರಕಾರ ಆಗಬೇಕು. ಸರ್ಕಾರದ ಸಾಮಾನು, ನಾನ ಓಡಸ್ತೀನಿ" ಅಂದರು.

ಚಪ್ಪಲಿ ಬಿಟ್ಟರು. ಮೌಸಿಗೆ ಕುಂಕುಮ ಹಚ್ಚಿದರು. ಎರಡು ದಪ್ಪ ನಿಂಬೆಹಣ್ಣು ಇಟ್ಟರು. ನೆಟ್ಟು ಹತ್ತಿತು, ಪುಟ ಇಳಿಯಿತು, ಬಟನ್ನು ಬಂತು. ಆರಕ್ಕೆ ನಾಲ್ಕು ನಿಮಿಷ. "ಒತ್ರಿ ಸರ್!" ಅಂತ ಹುಡುಗಿಯರು ಕಿರುಚಿದರು. ಎಲ್ಲರೂ ಒಂದು ಬೆರಳಿನಿಂದ ಒತ್ತಿದ್ದರೆ ನಮ್ಮ ಹೆಡ್‌ಮಾಸ್ಟರು ಎರಡೂ ಅಂಗೈ ಊರಿ, ಕಾಲು ಎತ್ತಿ, ಮೈಭಾರ ಪೂರ್ತಿ ಹಾಕಿದರು. ಪಚಕ್ ಅಂತು. ಆಮೇಲೆ ಲಟಕ್ ಅಂತು. ಮೌಸಿನ ಹೊಟ್ಟೆಯಿಂದ ರಸ, ಬೀಜ, ಒಂದು ಸಣ್ಣ ಚಕ್ರ ಎಲ್ಲ ಹೊರಗೆ ಬಂದವು. ಆದರೆ ಸ್ಕ್ರೀನಿನ ಮೇಲೆ ವೋಟು ಬಿದ್ದಿತ್ತು. ಇಪ್ಪತ್ತು.

ನಾನು ಆ ದಿನ ಊದಿದ ಸೀಟಿ ಗಾದಿಗನೂರಿನವರೆಗೆ ಕೇಳಿಸಿತಂತೆ. ಸ್ಪೇನ್ ಹುಡುಗಿಗೆ ಇದೆಲ್ಲವನ್ನೂ ಬರೆದು ಹಾಕಿಸಿದೆ. ಹೆಡ್‌ಮಾಸ್ಟರು ಥ್ರೋಬಾಲ್ ಮಾತು ಎತ್ತದೆ ಪಾರ್ಸೆಲ್ಲಿಗೆ ಕಾದರು.

ಅದು ಬಂದಾಗ ಇಡೀ ಶಾಲೆ ಕೂಡಿತ್ತು. ಹದಿನಾರು ಹೊಸ ಸ್ಟಿಕ್ಕು. ಹುಡುಗಿಯರು ಒಂದೊಂದನ್ನು ಹಿಡಿದು ಮೂಸಿ ನೋಡಿದರು, ಎದೆಗೆ ಒತ್ತಿಕೊಂಡರು. ನನಗೆ ತಡೆಯಲಾಗಲಿಲ್ಲ, ಗೋಡೆಯ ಕಡೆ ತಿರುಗಿ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ತಿರುಗಿ ನೋಡಿದರೆ ಹೆಡ್‌ಮಾಸ್ಟರು ಖಾಲಿ ಪೆಟ್ಟಿಗೆಯೊಳಗೆ ಸೊಂಟದವರೆಗೆ ಬಗ್ಗಿ ಹುಲ್ಲು, ಕಾಗದ ಎಲ್ಲ ಕೆದರುತ್ತಿದ್ದರು.

"ಏನ್ ಹುಡುಕ್ತೀರಿ ಸರ್?"

"ಮೌಸ್ ರೀ ಮೇಡಂ. ನಾನೂ ಶಾಲಿ ಸೀಲು ಹೊಡ್ದು ಸ್ಪೇನಿಗೆ ಒಂದು ಪತ್ರ ಹಾಕಿದ್ದೆ. ಸ್ಟಿಕ್ಕಿನ ಜೊತಿ ಒಂದು ಮೌಸ್ ಕಳಸ್ರಿ, ಇಲ್ಲಾಂದ್ರ ಹುಡುಗ್ಯಾರಿಗೆ ಥ್ರೋಬಾಲ್ ಆಡಸ್ತೀನಿ ಅಂತ!"